ಮದ್ದಿಗೆ ಮೊದಲು ಒಣನೆಲ
ಕೋಳಿ ಮರಿಗಳ ಭೇದಿ ಮತ್ತು ಮನೆಯ ಆರೈಕೆ: ಗೊರೂರು ಸುತ್ತಿನ ಹಳ್ಳಿಗರಿಗೂ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಪಠ್ಯ



ಆರಿದ್ರಾ ಮಳೆ ಹಿಡಿದು ಎಂಟು ದಿನ ಕಳೆಯುವಷ್ಟರಲ್ಲಿ ಮಲೆನಾಡಿನ ಅಂಚಿನ ಹಳ್ಳಿಗಳಲ್ಲಿ ಮತ್ತೆ ಮತ್ತೆ ಕಂಡುಬರುವ ದೃಶ್ಯವೊಂದಿದೆ. ಬೇಸಿಗೆಯ ಕೊನೆಯಲ್ಲಿ ಕಾವು ಕೂತ ಹೇಂಟೆ ಹನ್ನೆರಡು ಮೊಟ್ಟೆಗಳಲ್ಲಿ ಹತ್ತನ್ನು ಮರಿ ಮಾಡಿರುತ್ತದೆ. ಮೂರು ವಾರ ಮರಿಗಳು ತಾಯಿಯ ಹಿಂದೆ ಕೊಟ್ಟಿಗೆ, ತಿಪ್ಪೆ, ಹಿತ್ತಿಲುಗಳನ್ನೆಲ್ಲ ಕೆದಕುತ್ತ ಚುರುಕಾಗಿ ಬೆಳೆದಿರುತ್ತವೆ. ನಾಲ್ಕನೆಯ ವಾರದ ಒಂದು ಬೆಳಗ್ಗೆ ಮಂಕರಿ ಎತ್ತಿದಾಗ ಎರಡು ಮರಿಗಳು ಗರಿ ಉಬ್ಬಿಸಿಕೊಂಡು, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ನಿಂತಿರುತ್ತವೆ. ನೆಲದ ಮೇಲೆ ಹಿಕ್ಕೆಯೊಡನೆ ರಕ್ತ. ಸಂಜೆಗೆ ಒಂದು ಸಾಯುತ್ತದೆ, ಮರುದಿನ ಮೂರು. ವಾರ ಮುಗಿಯುವ ಹೊತ್ತಿಗೆ ಹೇಂಟೆಯ ಹಿಂದೆ ಉಳಿಯುವುದು ಎರಡೋ ಮೂರೋ ಮರಿಗಳು ಮಾತ್ರ.

ಈ ನಷ್ಟ ಯಾವ ಸರ್ಕಾರಿ ಲೆಕ್ಕದಲ್ಲೂ ಬರುವುದಿಲ್ಲ. ಬೆಳೆ ಹೋದರೆ ಪರಿಹಾರದ ಮಾತು ಬರುತ್ತದೆ. ಹಸು ಸತ್ತರೆ ವಿಮೆಯ ಮಾತು ಬರುತ್ತದೆ. ಹತ್ತು ಕೋಳಿ ಮರಿ ಸತ್ತರೆ ಅದನ್ನು ಮನೆಯ ಹೆಣ್ಣುಮಗಳೊಬ್ಬಳೇ ಲೆಕ್ಕ ಹಾಕುತ್ತಾಳೆ. ಏಕೆಂದರೆ ಹಳ್ಳಿಯ ಬಹುತೇಕ ಮನೆಗಳಲ್ಲಿ ಕೋಳಿಯ ಹಣ ಅವಳ ಕೈಯ ಹಣ. ಮಕ್ಕಳ ಪುಸ್ತಕ, ಬಸ್ಸಿನ ಚಾರ್ಜು, ಹಬ್ಬಕ್ಕೆ ಬಂದ ಬಂಧುಗಳ ಊಟ, ಬಾಣಂತಿಗೆ ಮೊಟ್ಟೆ, ಎಲ್ಲವೂ ಆ ಮಂಕರಿಯ ಅಡಿಯಿಂದಲೇ ಹೊರಡುತ್ತವೆ. ಆದುದರಿಂದ ಮರಿ ಮಂಕಾದ ಕೂಡಲೇ ಆಕೆ ಏನಾದರೂ ಮಾಡಲೇಬೇಕೆಂದು ಹೊರಡುವುದು ಸಹಜ. ಅಂಗಡಿಯಲ್ಲಿ ಕೊಟ್ಟ ಯಾವುದೋ ಪುಡಿ, ಮನೆಯಲ್ಲಿ ಉಳಿದ ಜ್ವರದ ಮಾತ್ರೆ, ಅರಿಶಿನ, ಬೆಳ್ಳುಳ್ಳಿ, ಇವೆಲ್ಲವೂ ಒಂದೇ ಬಟ್ಟಲಿನ ನೀರಿಗೆ ಬೀಳುತ್ತವೆ. ಆ ಗಡಿಬಿಡಿಯ ಗಳಿಗೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಮತ್ತು ಅಂಥ ಗಳಿಗೆಯೇ ಬಾರದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದೇ ಈ ಉಪನ್ಯಾಸದ ವಿಷಯ.

ಹೊಸ್ತಿಲ ಮೇಲಿನ ಊರು

ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಬಳಿ ಹುಟ್ಟುವ ಹೇಮಾವತಿ ಸಕಲೇಶಪುರವನ್ನು ದಾಟಿ ಗೊರೂರಿಗೆ ಬರುತ್ತಾಳೆ. 1979ರಲ್ಲಿ ಇಲ್ಲಿ ಜಲಾಶಯ ಪೂರ್ಣಗೊಂಡಿತು. ಭೂಗೋಳದ ದೃಷ್ಟಿಯಿಂದ ನೋಡಿದರೆ ಗೊರೂರು ಒಂದು ಹೊಸ್ತಿಲು. ಇಲ್ಲಿಂದ ಪಶ್ಚಿಮಕ್ಕೆ ಹೋದಂತೆ ಮಳೆ ಏರುತ್ತ ಸಕಲೇಶಪುರದ ಕಾಫಿ ತೋಟಗಳಲ್ಲಿ ನೆಲ ತಿಂಗಳುಗಟ್ಟಲೆ ಆರುವುದಿಲ್ಲ. ಪೂರ್ವಕ್ಕೆ ಹೋದಂತೆ ಮಳೆ ಇಳಿಯುತ್ತ ಚನ್ನರಾಯಪಟ್ಟಣದ ತೆಂಗಿನ ಬಯಲಿನಲ್ಲಿ ಅಂಗಳದ ಮಣ್ಣು ಬೇಗನೆ ಪುಡಿಯಾಗುತ್ತದೆ. ನಡುವೆ ಅರಕಲಗೂಡು, ಹೊಳೆನರಸೀಪುರಗಳ ಗದ್ದೆ ಬಯಲು. ಕಾಲುವೆ ನೀರು ಹರಿಯುವ ಕಡೆಗಳಲ್ಲಿ ಮಳೆ ಇಲ್ಲದ ದಿನಗಳಲ್ಲೂ ಹಿತ್ತಿಲು ತೇವ.

ಒಂದೇ ತಳಿಯ, ಒಂದೇ ದಿನ ಒಡೆದ ಮರಿಗಳನ್ನು ಈ ಮೂರು ಕಡೆ ಬಿಟ್ಟರೆ ಅವುಗಳಿಗೆ ಎದುರಾಗುವ ಅಪಾಯ ಒಂದೇ ಆಗಿರುವುದಿಲ್ಲ. ಮರಿಗಳ ಕರುಳಿನ ಕಾಯಿಲೆಗಳಲ್ಲಿ ಅತ್ಯಂತ ಸಾಮಾನ್ಯವಾದ ರಕ್ತಭೇದಿ ತೇವವಿರುವ ನೆಲದಲ್ಲಿ ಬಲಗೊಳ್ಳುತ್ತದೆ, ಒಣನೆಲದಲ್ಲಿ ಬಡವಾಗುತ್ತದೆ. ಮಲೆನಾಡಿನವರು ಮಳೆಯನ್ನು ನಿಲ್ಲಿಸಲಾರರು. ಆದರೆ ಎರಡು ಮೊಳ ಅಗಲ, ಮೂರು ಮೊಳ ಉದ್ದದ ಒಂದು ನೆಲವನ್ನು ಮಳೆಗಾಲದಲ್ಲೂ ಒಣಗಿಸಿಡುವುದು ಯಾವ ಮನೆಗೂ ಅಸಾಧ್ಯವಲ್ಲ.

ಮೊದಲು ಹಿಕ್ಕೆಯನ್ನು ನೋಡಬೇಕು

ಮರಿ ಭೇದಿ ಮಾಡುತ್ತಿದೆ ಎಂಬುದು ಕಾಯಿಲೆಯ ಹೆಸರಲ್ಲ, ಕಾಯಿಲೆಯ ಗುರುತು ಮಾತ್ರ. ಹಿಕ್ಕೆಯ ಬಣ್ಣ, ಮರಿಯ ವಯಸ್ಸು ಮತ್ತು ಜೊತೆಗಿರುವ ಇತರ ಲಕ್ಷಣಗಳು, ಈ ಮೂರನ್ನೂ ಕೂಡಿಸಿ ನೋಡಿದರೆ ಸಾಕುವವರು ಮನೆಯಲ್ಲಿಯೇ ಬಹಳಷ್ಟನ್ನು ಊಹಿಸಬಹುದು.

ಮೊದಲ ಎರಡು ಮೂರು ವಾರಗಳೊಳಗಿನ ಮರಿ ಸುಣ್ಣದಂಥ ಬಿಳಿ ಭೇದಿ ಮಾಡಿ, ಅದು ಹಿಂಭಾಗದ ಗರಿಗೆ ಮೆತ್ತಿಕೊಂಡು, ಮರಿ ಕೀಚಲು ದನಿಯಲ್ಲಿ ಕೂಗುತ್ತ ಗುಂಪುಗೂಡಿ ನಿಂತರೆ ಎರಡು ಕಾರಣಗಳಿರಬಹುದು. ಒಂದು, ಬರಿಯ ಚಳಿ. ಪೇಟೆಯಿಂದ ಪೆಟ್ಟಿಗೆಯಲ್ಲಿ ತಂದ ಮರಿಗಳಲ್ಲಿ ಇದು ಹೆಚ್ಚು. ಎರಡನೆಯದು ಪುಲ್ಲೋರಂ ಎಂಬ ಬ್ಯಾಕ್ಟೀರಿಯಾದಿಂದ ಬರುವ ಬಿಳಿಭೇದಿ. ಅಮೆರಿಕದ ವಿಜ್ಞಾನಿ ರೆಟ್ಗರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದರ ರೋಗಾಣುವನ್ನು ಗುರುತಿಸಿದರು. ಈ ರೋಗ ತಾಯಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ಬರುತ್ತದೆ. ಬದುಕುಳಿದ ಮರಿ ಮುಂದೆ ಹೇಂಟೆಯಾದಾಗ ಮೇಲ್ನೋಟಕ್ಕೆ ಆರೋಗ್ಯವಾಗಿದ್ದರೂ ತನ್ನ ಮೊಟ್ಟೆಗಳ ಮೂಲಕ ರೋಗವನ್ನು ದಾಟಿಸಬಲ್ಲದು. ಆದುದರಿಂದ ಅಂಥ ಮರಿಗಳನ್ನು ಉಳಿಸಿಕೊಂಡರೂ ಅವುಗಳ ಮೊಟ್ಟೆಯನ್ನು ಕಾವಿಗೆ ಇಡಬಾರದು.

ಮೂರರಿಂದ ಎಂಟು ವಾರದ ಮರಿ ಕಂದು ಅಥವಾ ಚಾಕಲೇಟು ಬಣ್ಣದ, ಇಲ್ಲವೇ ನೇರವಾಗಿ ರಕ್ತ ಬೆರೆತ ಹಿಕ್ಕೆ ಹಾಕಿದರೆ, ಚೊಟ್ಟಿ ಮತ್ತು ಕಾಲು ಬಿಳಿಚಿಕೊಂಡಿದ್ದರೆ, ತಿನ್ನುವುದನ್ನು ಬಿಟ್ಟು ನೀರಿನ ಬಳಿ ಮಾತ್ರ ನಿಂತಿದ್ದರೆ ಅದು ಹೆಚ್ಚಿನಂಶ ರಕ್ತಭೇದಿ. ಪಶುವೈದ್ಯರು ಇದನ್ನು ಕಾಕ್ಸಿಡಿಯೋಸಿಸ್ ಎನ್ನುತ್ತಾರೆ.

ಹಿಕ್ಕೆ ಹಸಿರು ನೀರಿನಂತಿದ್ದು, ಮರಿ ಬಾಯಿ ತೆರೆದು ಏದುತ್ತಿದ್ದರೆ, ಕತ್ತು ತಿರುಚಿಕೊಂಡರೆ, ಕಾಲು ಸೋತರೆ, ದೊಡ್ಡ ಕೋಳಿಗಳೂ ಒಟ್ಟಿಗೆ ಬಿದ್ದರೆ ಅದು ಕೊಕ್ಕರೆ ರೋಗವಿರಬಹುದು. ಹಿಮಾಲಯದ ಕುಮಾವೂ ಪ್ರದೇಶದ ರಾಣಿಖೇತ್ ಎಂಬ ಊರಿನಲ್ಲಿ 1920ರ ದಶಕದ ಕೊನೆಯಲ್ಲಿ ಗುರುತಿಸಿದ್ದರಿಂದ ದೇಶದೆಲ್ಲೆಡೆ ಅದಕ್ಕೆ ಆ ಊರಿನ ಹೆಸರೇ ನಿಂತಿದೆ. ಇದು ವೈರಸ್ಸಿನ ಕಾಯಿಲೆ. ಇದಕ್ಕೆ ಲಸಿಕೆಯುಂಟು, ಮದ್ದಿಲ್ಲ. ಮೂರರಿಂದ ಆರು ವಾರದ ಮರಿಗಳಲ್ಲಿ ಬಿಳಿ ನೀರಿನಂಥ ಭೇದಿಯನ್ನುಂಟುಮಾಡುವ ಗಂಬೊರೊ ಎಂಬ ಇನ್ನೊಂದು ವೈರಸ್ ಕಾಯಿಲೆಗೂ ಇದೇ ಮಾತು.

ಯಾವ ಮುನ್ಸೂಚನೆಯೂ ಇಲ್ಲದೆ ಒಂದೇ ದಿನ ಅನೇಕ ಕೋಳಿಗಳು ಸತ್ತರೆ ಯಾರೂ ಮನೆಮದ್ದಿಗೆ ಕೈ ಹಾಕಬಾರದು, ಸತ್ತವನ್ನು ಬರಿಗೈಯಲ್ಲಿ ಮುಟ್ಟಬಾರದು. 2012ರಲ್ಲಿ ಹೆಸರಘಟ್ಟದಲ್ಲಿ, 2020ರ ಮಾರ್ಚ್ ತಿಂಗಳಲ್ಲಿ ಮೈಸೂರಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು ಎಂಬುದನ್ನು ನೆನಪಿನಲ್ಲಿಟ್ಟು, ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಬೇಕು.

ರಕ್ತಭೇದಿಯ ಗುಟ್ಟು: ಒಂದು ದಿನದ ಅಂತರ

ರಕ್ತಭೇದಿಯನ್ನುಂಟುಮಾಡುವುದು ಬ್ಯಾಕ್ಟೀರಿಯಾವೂ ಅಲ್ಲ, ವೈರಸ್ಸೂ ಅಲ್ಲ. ಅದು ಐಮೀರಿಯ ಎಂಬ ಏಕಕೋಶ ಪರಾವಲಂಬಿ. ಕೋಳಿಯಲ್ಲಿ ಇದರ ಏಳು ಪ್ರಭೇದಗಳನ್ನು ವಿಜ್ಞಾನಿಗಳು ಮೊದಲಿನಿಂದ ಗುರುತಿಸುತ್ತ ಬಂದಿದ್ದಾರೆ. ಅವುಗಳಲ್ಲಿ ಟೆನೆಲ್ಲ ಎಂಬುದು ಕುರುಡುಕರುಳನ್ನು ಹಿಡಿದು ಹಸಿ ರಕ್ತದ ಭೇದಿ ಮಾಡಿಸುತ್ತದೆ. ಒಂದೊಂದು ಜಾತಿಯ ಪ್ರಾಣಿಗೂ ಒಂದೊಂದು ಬಗೆಯ ಐಮೀರಿಯ ಇರುವುದರಿಂದ ಕೋಳಿಯದು ಹಸುವಿಗಾಗಲಿ, ಆಡಿಗಾಗಲಿ, ಮನುಷ್ಯರಿಗಾಗಲಿ ಅಂಟುವುದಿಲ್ಲ.

ಈ ಜೀವಿಯ ಬಾಳಿನ ಕ್ರಮವನ್ನು ಅರಿತವರಿಗೆ ಅರ್ಧ ಚಿಕಿತ್ಸೆ ಕೈಗೆ ಬಂದಂತೆಯೇ. ರೋಗವಿರುವ ಕೋಳಿಯ ಹಿಕ್ಕೆಯಲ್ಲಿ ಗಟ್ಟಿ ಚಿಪ್ಪಿನ, ಕಣ್ಣಿಗೆ ಕಾಣದ ಬೀಜಕೋಶಗಳು ಹೊರಬೀಳುತ್ತವೆ. ವಿಜ್ಞಾನದ ಪುಸ್ತಕಗಳಲ್ಲಿ ಅವನ್ನು ಊಸಿಸ್ಟ್ ಎನ್ನುತ್ತಾರೆ. ಹೊರಬಿದ್ದ ಗಳಿಗೆಯಲ್ಲಿ ಅವು ಯಾರಿಗೂ ರೋಗ ತರಲಾರವು. ಬೆಚ್ಚಗಿನ ಹವೆ, ತೇವ ಮತ್ತು ಗಾಳಿ ಸಿಕ್ಕಿ, ಒಂದರಿಂದ ಎರಡು ದಿನ ನೆಲದಲ್ಲಿ ಕಳಿತ ಮೇಲೆಯೇ ಅವು ಮೊನೆಗೊಳ್ಳುತ್ತವೆ. ಆಮೇಲೆ ಮರಿ ಕಾಳಿನೊಡನೆ, ಕೆಸರು ನೀರಿನೊಡನೆ ಅವನ್ನು ನುಂಗುತ್ತದೆ. ಕಲ್ಲುಹೊಟ್ಟೆಯಲ್ಲಿ ಚಿಪ್ಪು ಅರೆದುಹೋಗಿ ಒಳಗಿನ ಜೀವಿಗಳು ಕರುಳಿನ ಒಳಪದರವನ್ನು ಹೊಕ್ಕು, ಅಲ್ಲಿ ಹಲವು ಸುತ್ತು ಒಡೆದೊಡೆದು ಹೆಚ್ಚುತ್ತವೆ. ಹಾಗೆ ಒಡೆಯುವಾಗ ಕರುಳಿನ ಪದರ ಹರಿದು ರಕ್ತ ಸುರಿಯುತ್ತದೆ. ಟೆನೆಲ್ಲದಲ್ಲಿ ರಕ್ತ ಕಾಣುವುದು ನುಂಗಿದ ಐದನೆಯ ದಿನದ ಸುಮಾರಿಗೆ. ಸಾವೂ ಐದಾರನೆಯ ದಿನಗಳಲ್ಲಿಯೇ ಹೆಚ್ಚು. ಎಂಟೊಂಬತ್ತು ದಿನ ದಾಟಿದ ಮರಿ ಸಾಮಾನ್ಯವಾಗಿ ಬದುಕುತ್ತದೆ. ಏಳನೆಯ ದಿನದ ಹೊತ್ತಿಗೆ ಹೊಸ ಬೀಜಕೋಶಗಳು ಮತ್ತೆ ಹಿಕ್ಕೆಯಲ್ಲಿ ಬೀಳತೊಡಗುತ್ತವೆ. ನುಂಗಿದ ಒಂದಕ್ಕೆ ಪ್ರತಿಯಾಗಿ ಸಾವಿರಾರು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ರಕ್ತ ಕಾಣುವಾಗ ರೋಗಕ್ಕೆ ಆಗಲೇ ನಾಲ್ಕೈದು ದಿನ ತುಂಬಿರುತ್ತದೆ. ಒಂದು ಮರಿಯ ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ನೆಲದಲ್ಲಿ ಮೇಯ್ದ ಎಲ್ಲ ಮರಿಗಳೂ ನುಂಗಿವೆಯೆಂದೇ ತಿಳಿದು ಎಲ್ಲಕ್ಕೂ ಚಿಕಿತ್ಸೆ ಮಾಡಬೇಕು. ಎರಡನೆಯದು, ಹಿಕ್ಕೆಯನ್ನು ದಿನಕ್ಕೊಮ್ಮೆ ತಪ್ಪದೆ ತೆಗೆದರೆ ಬೀಜಕೋಶ ಕಳಿಯುವ ಮುನ್ನವೇ ಮನೆಯಿಂದ ಹೊರಗೆ ಹೋಗುತ್ತದೆ. ಈ ಒಂದು ದಿನದ ಅಂತರವೇ ಬಡವರ ಮನೆಯ ಅತ್ಯಂತ ಅಗ್ಗದ ಮದ್ದು.

ಪ್ರೌಢಶಾಲೆಯಲ್ಲಿ ಸೂಕ್ಷ್ಮದರ್ಶಕವಿರುವ ವಿದ್ಯಾರ್ಥಿಗಳು ಇದನ್ನು ಕಣ್ಣಾರೆ ನೋಡಬಹುದು. ಉಗುರಿನ ತುದಿಯಷ್ಟು ಹಿಕ್ಕೆಯನ್ನು ಉಪ್ಪು ನೀರಿನಲ್ಲಿ ಕದಡಿ, ತೆಳುಬಟ್ಟೆಯಲ್ಲಿ ಸೋಸಿ, ಕಾಲು ಗಂಟೆ ಬಿಟ್ಟು ಮೇಲಿನ ಹನಿಯನ್ನು ಗಾಜಿನ ಮೇಲೆ ಹಾಕಿ ನೂರು ಪಟ್ಟು ಹಿಗ್ಗಿಸಿದರೆ ಮೊಟ್ಟೆಯಾಕಾರದ ಸಣ್ಣ ಕೋಶಗಳು ಕಾಣುತ್ತವೆ. ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು ಅವುಗಳ ಗಾತ್ರ. ಈ ಕೆಲಸವನ್ನು ಅಧ್ಯಾಪಕರ ಎದುರಿನಲ್ಲಿಯೇ ಮಾಡಿ, ಬಳಿಕ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಐಮೀರಿಯ ಮನುಷ್ಯರಿಗೆ ಬಾರದಿದ್ದರೂ ಕೋಳಿ ಹಿಕ್ಕೆಯಲ್ಲಿ ಇರಬಹುದಾದ ಇತರ ಬ್ಯಾಕ್ಟೀರಿಯಾಗಳು ಬರುತ್ತವೆ.

ಮೊದಲ ದಿನದ ಆರೈಕೆ

ಮಂಕಾದ ಮರಿ ಕಂಡ ಕೂಡಲೇ ಮಾಡಬೇಕಾದ ಮೊದಲ ಕೆಲಸ ಮದ್ದು ಹುಡುಕುವುದಲ್ಲ. ರೋಗದ ಮರಿಗಳನ್ನು ಬೇರ್ಪಡಿಸಿ, ಒಣಗಿದ ಭತ್ತದ ಹೊಟ್ಟು ಅಥವಾ ಮರದ ಹೊಟ್ಟು ಹರಡಿದ ಬುಟ್ಟಿಗೆ ಸೇರಿಸಬೇಕು. ಉಳಿದ ಮರಿಗಳನ್ನು ಹಳೆಯ ತೇವದ ನೆಲದಿಂದ ಎಬ್ಬಿಸಿ ಬೇರೆ ಒಣ ಜಾಗಕ್ಕೆ ಒಯ್ಯಬೇಕು.

ಎರಡನೆಯದು ಶಾಖ. ಕರುಳು ಕೆಟ್ಟ ಮರಿ ಚಳಿಯಿಂದಲೇ ಬೇಗ ಸಾಯುತ್ತದೆ. ಮೊದಲ ವಾರದ ಮರಿಗೆ 35 ಡಿಗ್ರಿ ಸೆಲ್ಸಿಯಸ್ ಸುಮಾರಿನ ಬಿಸಿ ಬೇಕು. ಅನಂತರ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತ ಬರಬಹುದು. ತಾಯಿ ಇರುವ ಮರಿಗೆ ಅದರ ರೆಕ್ಕೆಯೇ ಸಾಕು. ತಾಯಿಯಿಲ್ಲದ ಮರಿಗಳಿಗೆ ಹಳೆಯ ಬಗೆಯ, ಬಿಸಿಯಾಗುವ ಬಲ್ಬನ್ನು ಬುಟ್ಟಿಯ ಒಂದು ಬದಿಗೆ ತೂಗುಹಾಕಬಹುದು. ಹೊಟ್ಟಿಗೆ ತಾಗಿ ಬೆಂಕಿ ಹತ್ತದಂತೆ ಎಚ್ಚರ ವಹಿಸಬೇಕು. ಕರೆಂಟು ಹೋದ ರಾತ್ರಿ ಬಿಸಿನೀರು ತುಂಬಿ ಬಿಗಿಯಾಗಿ ಮುಚ್ಚಿದ ಬಾಟಲಿಗೆ ಬಟ್ಟೆ ಸುತ್ತಿ ಇಡಬಹುದು. ಶಾಖ ಸರಿಯಾಗಿದೆಯೇ ಎಂಬುದನ್ನು ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಅಲ್ಲಲ್ಲಿ ಹರಡಿ ಮಲಗಿದರೆ ಹದ.

ಮೂರನೆಯದು ನೀರು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಎರಡು ಚಮಚ ಬೆಲ್ಲ, ಒಂದು ಚಿಟಿಕೆ ಉಪ್ಪು ಹಾಕಿ ಮದ್ದು ಸಿಗುವವರೆಗೆ ಅರ್ಧ ದಿನ ಕುಡಿಸಬಹುದು. ಉಪ್ಪು ಚಿಟಿಕೆಯನ್ನು ಮೀರಬಾರದು. ಮರಿಗಳಿಗೆ ಹೆಚ್ಚಿನ ಉಪ್ಪು ವಿಷವೇ. ಕುಡಿಯಲಾರದಷ್ಟು ಸೋತ ಮರಿಗೆ ಇಂಕ್ ಫಿಲ್ಲರಿನಿಂದ ಕೊಕ್ಕಿನ ಬದಿಯಲ್ಲಿ ಒಂದೊಂದೇ ಹನಿ ಬಿಟ್ಟು, ನುಂಗಿದ ಮೇಲೆ ಇನ್ನೊಂದು ಹನಿ ಬಿಡಬೇಕು. ಅವಸರ ಮಾಡಿದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಿಂಭಾಗಕ್ಕೆ ಹಿಕ್ಕೆ ಮೆತ್ತಿಕೊಂಡಿದ್ದರೆ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ ಬಿಡಿಸಿ, ಒರಸಿ ಒಣಗಿಸಬೇಕು. ಒಣಗಿದ್ದನ್ನು ಕಿತ್ತರೆ ಚರ್ಮ ಹರಿಯುತ್ತದೆ.

ಅರಿಶಿನ, ಬೆಳ್ಳುಳ್ಳಿ, ಮಜ್ಜಿಗೆಗಳ ಬಗ್ಗೆ ಒಂದು ಮಾತು. ಇವನ್ನು ತಿರಸ್ಕರಿಸಬೇಕಾಗಿಲ್ಲ. ಆರೋಗ್ಯವಾಗಿರುವ ಮರಿಯ ಆಹಾರದಲ್ಲಿ ಇವು ಹಿತಮಿತವಾಗಿ ಇರಬಹುದು. ಆದರೆ ರಕ್ತ ಸುರಿಯುತ್ತಿರುವ ಮರಿಗೆ ಇವು ಪಥ್ಯವೇ ಹೊರತು ಮದ್ದಲ್ಲ. ಇವನ್ನೇ ನೆಚ್ಚಿ ಎರಡು ದಿನ ಕಾದರೆ ಆ ಎರಡು ದಿನಗಳೇ ಮರಿಯ ಪ್ರಾಣದ ದಿನಗಳಾಗಿರುತ್ತವೆ.

ಮದ್ದಿನ ಲೆಕ್ಕ

1939ರಲ್ಲಿ ಅಮೆರಿಕದ ಪಿ. ಪಿ. ಲೆವಿನ್ ಎಂಬ ವಿಜ್ಞಾನಿ ಸಲ್ಫಾ ಔಷಧ ಈ ರೋಗವನ್ನು ತಡೆಯಬಲ್ಲದೆಂದು ತೋರಿಸಿದರು. ಸಲ್ಫಾ ಮದ್ದುಗಳು ಈಗಲೂ ಇವೆ. ಆದರೆ ಅವುಗಳ ಪ್ರಮಾಣ ಸ್ವಲ್ಪ ಮೀರಿದರೂ ಮರಿಗೆ ಕೇಡು. ಒಳಗೆ ರಕ್ತಸ್ರಾವವನ್ನೇ ಹೆಚ್ಚಿಸಬಹುದು. ಆದುದರಿಂದ ವೈದ್ಯರು ಹೇಳದೆ ಮನೆಯಲ್ಲಿ ಬಳಸತಕ್ಕದ್ದಲ್ಲ. ಸಣ್ಣ ಹಿಂಡಿಗೆ ಬಹುಕಾಲದಿಂದ ಬಳಕೆಯಲ್ಲಿರುವ, ಹೋಲಿಕೆಯಲ್ಲಿ ಸುರಕ್ಷಿತವಾದ ಮದ್ದು ಆಂಪ್ರೋಲಿಯಂ. ಇದು ನೋಡಲು ಬಿ-1 ಜೀವಸತ್ವದಂತೆಯೇ ಇದ್ದು, ಪರಾವಲಂಬಿ ಅದನ್ನು ಜೀವಸತ್ವವೆಂದು ಭ್ರಮಿಸಿ ತೆಗೆದುಕೊಂಡು ಸೊರಗುತ್ತದೆ. ಈ ಕಾರಣದಿಂದಲೇ ಆಂಪ್ರೋಲಿಯಂ ಕೊಡುವ ದಿನಗಳಲ್ಲಿ ಬಿ-ಕಾಂಪ್ಲೆಕ್ಸ್ ಟಾನಿಕ್ ಕೊಡಬಾರದು. ಒಂದು ಕೈಯಲ್ಲಿ ಮದ್ದು, ಇನ್ನೊಂದು ಕೈಯಲ್ಲಿ ಅದರ ಪ್ರತಿಮದ್ದು ಕೊಟ್ಟಂತಾಗುತ್ತದೆ.

ಕಷ್ಟವಿರುವುದು ಅಳತೆಯಲ್ಲಿ. ಪೊಟ್ಟಣದ ಮೇಲಿನ ಲೆಕ್ಕ ಸಾಮಾನ್ಯವಾಗಿ ಸಾವಿರ ಕೋಳಿಗಳ ಫಾರಮ್ಮಿಗೆ, ಐವತ್ತು ನೂರು ಲೀಟರ್ ನೀರಿಗೆ ಬರೆದದ್ದು. ಹತ್ತು ಮರಿಗಳ ಮನೆಗೆ ದಿನಕ್ಕೆ ಅರ್ಧದಿಂದ ಒಂದು ಲೀಟರ್ ನೀರು ಸಾಕು. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಬಹುದು. ತೀವ್ರವಾಗಿ ರೋಗ ಬಂದಾಗ ನೀರಿನಲ್ಲಿ ಶೇಕಡಾ 0.024ರಷ್ಟು ಆಂಪ್ರೋಲಿಯಂ ಇರಬೇಕು. ಅಂದರೆ ಲೀಟರಿಗೆ 240 ಮಿಲಿಗ್ರಾಂ. ಪುಡಿಯಲ್ಲಿ ಔಷಧದ ಅಂಶ ಶೇಕಡಾ 20 ಮಾತ್ರ ಇದ್ದರೆ ಅದರ ಐದು ಪಟ್ಟು, ಅಂದರೆ 1.2 ಗ್ರಾಂ ಪುಡಿ ಒಂದು ಲೀಟರಿಗೆ. ಇದನ್ನು ಮೂರರಿಂದ ಐದು ದಿನ ಕೊಟ್ಟು, ಆಮೇಲೆ ಕಾಲು ಭಾಗಕ್ಕೆ, ಅಂದರೆ ಲೀಟರಿಗೆ 0.3 ಗ್ರಾಂಗೆ ಇಳಿಸಿ ಇನ್ನೂ ಒಂದೆರಡು ವಾರ ಮುಂದುವರಿಸುವುದು ರೂಢಿ. ಪುಡಿಯ ಶೇಕಡಾವಾರು ಬೇರೆಯಾದರೆ ಲೆಕ್ಕವೂ ಬೇರೆ. ಆದುದರಿಂದ ಪೊಟ್ಟಣವನ್ನು ಓದದೆ, ಪಶುವೈದ್ಯರನ್ನು ಒಂದು ಮಾತು ಕೇಳದೆ ಆರಂಭಿಸಬಾರದು.

1.2 ಗ್ರಾಂ ತೂಗುವ ತಕ್ಕಡಿ ಮನೆಯಲ್ಲಿ ಇರುವುದಿಲ್ಲ. ಚಮಚದ ಅಳತೆ ನಂಬತಕ್ಕದ್ದಲ್ಲ. ಅಕ್ಕಸಾಲಿಗರ ತಕ್ಕಡಿಯಲ್ಲಿ ಬೇಕಾದಷ್ಟು ತೂಗಿಸಿ ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿಸಿ, ಮಕ್ಕಳ ಕೈಗೆ ಸಿಗದಂತೆ ಹೆಸರು ಬರೆದಿಡಬಹುದು. ಇನ್ನೂ ಒಳ್ಳೆಯ ಉಪಾಯವೆಂದರೆ ರೋಗ ಕಂಡ ಕೇರಿಯ ಐದು ಮನೆಗಳು ಸೇರಿ 6 ಗ್ರಾಂ ಪುಡಿಯನ್ನು ಐದು ಲೀಟರ್ ನೀರಿನಲ್ಲಿ ಕದಡಿ ಹಂಚಿಕೊಳ್ಳುವುದು. ನೀರನ್ನು ದಿನಾಲೂ ಹೊಸದಾಗಿ ಬೆರೆಸಬೇಕು. ಆ ದಿನಗಳಲ್ಲಿ ಮರಿಗಳಿಗೆ ಮದ್ದಿನ ನೀರಲ್ಲದೆ ಬೇರೆ ನೀರು, ಹಿತ್ತಿಲ ಹೊಂಡದ್ದಾಗಲಿ ಬಚ್ಚಲಿನದ್ದಾಗಲಿ, ಸಿಗಬಾರದು. ಬೆಲ್ಲದ ನೀರನ್ನೂ ನಿಲ್ಲಿಸಬೇಕು.

ಮದ್ದಿನ ದಿನಗಳು ಮುಗಿದ ಮೇಲೆ ಸಣ್ಣಗೆ ಹೆಚ್ಚಿದ ನುಗ್ಗೆ ಸೊಪ್ಪನ್ನು ನುಚ್ಚು ರಾಗಿಯೊಡನೆ ಕೊಡುವುದು ಹಿತಕರ. ಕರುಳಿನ ಪದರ ಮತ್ತೆ ಬೆಳೆಯಲು ಬೇಕಾದ ಎ ಜೀವಸತ್ವದ ಮೂಲಾಂಶವೂ ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವವೂ ಅದರಲ್ಲಿ ಹೇರಳವಾಗಿವೆ.

ಮದ್ದಲ್ಲದ ಮದ್ದುಗಳು

ಭೇದಿಯೆಂದ ಕೂಡಲೇ ಆಂಟಿಬಯೋಟಿಕ್ ಕೊಡುವ ಅಭ್ಯಾಸ ಹಳ್ಳಿಗಳಿಗೂ ಬಂದಿದೆ. ಐಮೀರಿಯ ಬ್ಯಾಕ್ಟೀರಿಯಾ ಅಲ್ಲವಾದುದರಿಂದ ಸಾಮಾನ್ಯ ಆಂಟಿಬಯೋಟಿಕ್‌ಗಳಿಂದ ರಕ್ತಭೇದಿ ವಾಸಿಯಾಗುವುದಿಲ್ಲ. ಕೊಕ್ಕರೆ ರೋಗ ವೈರಸ್ಸಿನದಾದುದರಿಂದ ಅದಕ್ಕೂ ಆಗುವುದಿಲ್ಲ. ಆದರೆ ಮರಿಯ ಕರುಳಿನಲ್ಲಿ ಮೊದಲೇ ಇರುವ ಬ್ಯಾಕ್ಟೀರಿಯಾಗಳು ಆ ಮದ್ದಿಗೆ ಒಗ್ಗಿಕೊಳ್ಳುತ್ತವೆ. ಅವು ಹಿಕ್ಕೆಯೊಡನೆ ತಿಪ್ಪೆಗೆ, ತಿಪ್ಪೆಯಿಂದ ಗದ್ದೆಗೆ, ಗದ್ದೆಯಿಂದ ಹಳ್ಳಕ್ಕೆ ಇಳಿಯುತ್ತವೆ. ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಆಸ್ಪತ್ರೆಗಳಲ್ಲಿ ಬೇರೆಲ್ಲ ಮದ್ದು ಸೋತ ಮೇಲೆ ಮನುಷ್ಯರಿಗೆ ಕೊಡುವ ಕೊನೆಯ ಆಸರೆ. ಅದನ್ನು ಕೋಳಿ ಸಾಕಣೆಯಲ್ಲಿ ಯಥೇಚ್ಛವಾಗಿ ಬಳಸುತ್ತಿದ್ದುದರಿಂದ ಕೇಂದ್ರ ಸರ್ಕಾರವು 2019ರ ಜುಲೈ ತಿಂಗಳಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಹತ್ತು ಮರಿಗಳ ಬಟ್ಟಲಿಗೂ ಹೇಮಾವತಿಯ ನೀರಿಗೂ ಆಸ್ಪತ್ರೆಯ ಹಾಸಿಗೆಗೂ ಇರುವ ನಂಟು ಇದು. ಬಿಳಿಭೇದಿಯಂಥ ಬ್ಯಾಕ್ಟೀರಿಯಾ ಕಾಯಿಲೆಗೆ ಆಂಟಿಬಯೋಟಿಕ್ ಬೇಕಾಗಬಹುದು. ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ಪಶುವೈದ್ಯರು ಹೇಳಬೇಕು, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲ.

ಸುಣ್ಣ, ಫಿನಾಯಿಲ್‌ಗಳ ವಿಷಯದಲ್ಲಿಯೂ ತಪ್ಪು ನಂಬಿಕೆಯಿದೆ. ಬೀಜಕೋಶದ ಚಿಪ್ಪು ಇವಕ್ಕೆ ಜಗ್ಗುವುದಿಲ್ಲ. ಸುಣ್ಣ, ಬೂದಿಗಳು ನೆಲದ ತೇವ ಹೀರುವುದರಿಂದ ಉಪಯೋಗವುಂಟು, ಅಷ್ಟೇ. ಬೀಜಕೋಶವನ್ನು ನಿಜವಾಗಿ ಕೊಲ್ಲುವುದು ಶಾಖ ಮತ್ತು ಒಣಗುವಿಕೆ. ಒಡ್ಡಿಯ ಮರ, ಬಿದಿರು, ನೀರಿನ ಬಟ್ಟಲುಗಳ ಮೇಲೆ ಕುದಿಯುವ ನೀರು ಸುರಿದು, ಬಿಸಿಲು ಬಿದ್ದ ದಿನ ಹೊರಗೆ ಹಾಕಿ ಒಣಗಿಸುವುದು ಎಲ್ಲ ಡಬ್ಬಿ ಮದ್ದುಗಳಿಗಿಂತ ಮೇಲು.

ನೆಲ, ತಿಪ್ಪೆ ಮತ್ತು ಹಳ್ಳ

ಮಳೆಗಾಲದ ಮರಿಗಳಿಗೆ ಉತ್ತಮವಾದ ವ್ಯವಸ್ಥೆ ನೆಲದಿಂದ ಮೊಳ ಎತ್ತರದಲ್ಲಿ ಬಿದಿರಿನ ಸೀಳು ಹಾಸಿದ ಒಡ್ಡಿ. ಹಿಕ್ಕೆ ಸಂದಿನಿಂದ ಕೆಳಗೆ ಬೀಳುತ್ತದೆ, ಮರಿ ಅದನ್ನು ಕೆದಕಲಾರದು. ಅಷ್ಟೂ ಸಾಧ್ಯವಿಲ್ಲದ ಮನೆಯವರು ಜಗಲಿಯ ಮೂಲೆಯಲ್ಲಿ ಮೂರು ಬೆರಳು ದಪ್ಪ ಹೊಟ್ಟು ಹರಡಿ, ದಿನಾಲೂ ಬೆಳಗ್ಗೆ ಹಿಕ್ಕೆ ಬಿದ್ದ ಭಾಗವನ್ನು ಕೆರೆದು ತೆಗೆದು, ಹೊಸ ಹೊಟ್ಟು ಹಾಕಬೇಕು. ನೀರಿನ ಬಟ್ಟಲನ್ನು ಇಟ್ಟಿಗೆಯ ಮೇಲಿಟ್ಟರೆ ಚೆಲ್ಲಿದ ನೀರು ಹೊಟ್ಟಿಗೆ ಇಳಿಯದು. ಕಾಳನ್ನು ನೆಲಕ್ಕೆ ಎರಚದೆ ಮೊರದಲ್ಲೋ ತಟ್ಟೆಯಲ್ಲೋ ಹಾಕಬೇಕು. ದೊಡ್ಡ ಕೋಳಿಗಳು ರೋಗ ಕಾಣಿಸದೆಯೂ ಬೀಜಕೋಶ ಹೊರಹಾಕುವುದರಿಂದ ತಾಯಿಯನ್ನು ಬಿಟ್ಟು ಉಳಿದ ದೊಡ್ಡವನ್ನು ಮರಿಗಳೊಡನೆ ಸೇರಿಸಬಾರದು.

ಕೆರೆದು ತೆಗೆದ ಹಿಕ್ಕೆಯನ್ನು ಗದ್ದೆಗೆ ಹಸಿಯಾಗಿ ಒಯ್ಯದೆ ಸೊಪ್ಪು ಸದೆ ಸೇರಿಸಿ ಗುಡ್ಡೆ ಹಾಕಿ ಮುಚ್ಚಿದರೆ ಒಳಗೆ ಏರುವ ಕಾವಿಗೂ ಅಮೋನಿಯಕ್ಕೂ ಬೀಜಕೋಶಗಳು ಸಾಯುತ್ತವೆ, ಗೊಬ್ಬರವೂ ಹದವಾಗುತ್ತದೆ. ಸತ್ತ ಮರಿಯನ್ನು ಹಳ್ಳಕ್ಕೆ, ಕಾಲುವೆಗೆ ಎಸೆಯುವ ರೂಢಿ ನಿಲ್ಲಬೇಕು. ಮೇಲಿನ ಊರಿನವರು ಎಸೆದದ್ದು ಕೆಳಗಿನ ಊರಿನ ದನದ ನೀರಿಗೆ, ಮಕ್ಕಳ ಈಜುಗುಂಡಿಗೆ ಸೇರುತ್ತದೆ. ನೀರಿನ ಸೆಲೆಯಿಂದ ದೂರದಲ್ಲಿ, ನಾಯಿ ಕೆದಕದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಕಾರಣ ತಿಳಿಯಬೇಕೆನ್ನುವವರು ಹೂಳುವ ಮೊದಲು ಸತ್ತ ಮರಿಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಬಹುದು. ಕೊಯ್ದು ನೋಡಿದರೆ ಕುರುಡುಕರುಳಿನಲ್ಲಿ ತುಂಬಿದ ರಕ್ತವೇ ರೋಗದ ಹೆಸರು ಹೇಳುತ್ತದೆ.

ಒಂದು ಮನೆಯ ಕೆಲಸವಲ್ಲ

ಕೊಕ್ಕರೆ ರೋಗದ ಲಸಿಕೆಯ ಮೊದಲ ಹನಿಯನ್ನು ಐದರಿಂದ ಏಳು ದಿನದ ಮರಿಯ ಕಣ್ಣಿಗೋ ಮೂಗಿಗೋ ಹಾಕಬೇಕು. ಎರಡು ತಿಂಗಳ ಸುಮಾರಿಗೆ ಚುಚ್ಚುಮದ್ದು. ಆದರೆ ಲಸಿಕೆಯ ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಮರಿಗಳಿಗೆ ಆಗುವಷ್ಟು ಇರುತ್ತದೆ. ಬೆರೆಸಿದ ಮೇಲೆ ಮಂಜುಗಡ್ಡೆಯಲ್ಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿಗಳ ಒಂದು ಮನೆಗೆ ಇದು ಆಗದ ಮಾತು. ಹತ್ತು ಮನೆಗಳ ಒಂದು ಕೇರಿಗೆ ಬಹಳ ಸುಲಭ. ಅದೇ ವಾರ ಹೇಂಟೆಗಳನ್ನು ಕಾವಿಗೆ ಕೂರಿಸಲು ಮನೆಗಳು ಮಾತನಾಡಿಕೊಂಡರೆ ಮರಿಗಳು ಒಂದೇ ವಯಸ್ಸಿನವಾಗುತ್ತವೆ, ಲಸಿಕೆಯ ದಿನವೂ ಒಂದೇ ಆಗುತ್ತದೆ. ಪಶುಪಾಲನಾ ಇಲಾಖೆಯ ಸಿಬ್ಬಂದಿಯನ್ನು ಕರೆಯುವುದಕ್ಕೂ ಆಗ ಒಂದು ಅರ್ಥವಿರುತ್ತದೆ. ತುರ್ತಿನ ಸಂದರ್ಭದಲ್ಲಿ 1962 ಸಂಖ್ಯೆಗೆ ಕರೆ ಮಾಡಬಹುದು.

ಕಾವಿನ ಕಾಲವನ್ನೂ ಊರು ಸೇರಿ ಯೋಚಿಸಬಹುದು. ಸಂಕ್ರಾಂತಿಯ ಆಸುಪಾಸಿನಲ್ಲಿ ಒಡೆದ ಮರಿಗಳು ಅಪಾಯದ ಮೂರರಿಂದ ಎಂಟನೆಯ ವಾರಗಳನ್ನು ಒಣಹವೆಯಲ್ಲಿಯೇ ಕಳೆಯುತ್ತವೆ. ಅಷ್ಟರಲ್ಲಿ ಅಲ್ಪಸ್ವಲ್ಪ ಬೀಜಕೋಶಗಳನ್ನು ನುಂಗಿ, ಸಾಯದೆ, ರೋಗ ತಡೆಯುವ ಶಕ್ತಿಯನ್ನೂ ಬೆಳೆಸಿಕೊಂಡಿರುತ್ತವೆ. ಅವು ಆರಿದ್ರಾ ಮಳೆಯನ್ನು ಎದುರಿಸುವಾಗ ಆರು ತಿಂಗಳ ಹತ್ತಿರದ ಕೋಳಿಗಳಾಗಿರುತ್ತವೆ. ವೈಶಾಖದ ಕೊನೆಯಲ್ಲಿ ಒಡೆದ ಮರಿಗಳಿಗೆ ಆ ಅವಕಾಶವೇ ಸಿಗುವುದಿಲ್ಲ. ಮಳೆಗಾಲದಲ್ಲಿ ಮರಿ ಮಾಡಿಸಲೇಬೇಕಾದ ಮನೆಯವರು ಹೇಂಟೆಯನ್ನು ಕಾವಿಗೆ ಇಡುವ ದಿನವೇ ಹೊಟ್ಟಿನ ಚೀಲವನ್ನು ಅಟ್ಟಕ್ಕೆ ಏರಿಸಿ, ಒಡ್ಡಿಗೆ ಬಿದಿರು ಸೀಳಿ ಇಟ್ಟುಕೊಳ್ಳಬೇಕು. ಮರಿ ಒಡೆಯಲು ಇರುವ ಇಪ್ಪತ್ತೊಂದು ದಿನ ಅದಕ್ಕೆ ಧಾರಾಳವಾಗಿ ಸಾಕು.

ಶಾಲೆಗೆ ಹೋಗುವ ಮಕ್ಕಳು ಮನೆಯ ಒಡ್ಡಿಯ ಪಕ್ಕದಲ್ಲಿ ಒಂದು ಹಾಳೆ ಅಂಟಿಸಿ, ಮರಿ ಒಡೆದ ದಿನ, ಲಸಿಕೆಯ ದಿನ, ಹಿಕ್ಕೆ ತೆಗೆದ ದಿನ, ಸತ್ತ ಮರಿಯ ವಯಸ್ಸು ಇವನ್ನು ಬರೆಯುತ್ತ ಬಂದರೆ ಎರಡು ವರ್ಷಗಳಲ್ಲಿ ತಮ್ಮ ಊರಿನ ಕೋಳಿಗಳು ಯಾವ ಮಳೆಯಲ್ಲಿ, ಎಷ್ಟನೆಯ ವಾರದಲ್ಲಿ ಸಾಯುತ್ತವೆ ಎಂಬುದು ಅವರ ಕೈಯಲ್ಲೇ ಇರುತ್ತದೆ. ಹೆಣ್ಣುಮಗಳೊಬ್ಬಳು ಮನಸ್ಸಿನಲ್ಲಿ ಮಾತ್ರ ಇಟ್ಟುಕೊಂಡಿದ್ದ ಲೆಕ್ಕ ಆಗ ಊರಿನ ಲೆಕ್ಕವಾಗುತ್ತದೆ. ಪಶುವೈದ್ಯರ ಮುಂದೆ, ಗ್ರಾಮಸಭೆಯ ಮುಂದೆ ಅದನ್ನು ಇಟ್ಟು ಕೇಳಲು ಬರುತ್ತದೆ.